ದಂಡೆಯ ಓರೆ

ಜಕ್ಕೂರು ಕೆರೆಯ ಹೆಜ್ಜಾರ್ಲೆಗಳನ್ನು ನೋಡಲು ಏರಿಯ ಮೇಲೆ ನಿಂತರೆ ಸಾಕು. ಕೆರೆ ಹೇಗೆ ಉಸಿರಾಡುತ್ತಿದೆ ಎಂದು ತಿಳಿಯಬೇಕಾದರೆ ನೀರು ಒಳಬರುವ ತುದಿಗೇ ಹೋಗಬೇಕು. ಅಲ್ಲೊಂದು ಕೊಳಚೆ ನೀರಿನ ಸಂಸ್ಕರಣಾ ಘಟಕವಿದೆ. ಶುರುವಾದಾಗ ಅದರ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್. ಅಲ್ಲಿಂದ ಬಿಟ್ಟ ನೀರು ನೇರ ಕೆರೆಗೆ ಇಳಿಯುವುದಿಲ್ಲ. ಆಪು, ಜೊಂಡು ದಟ್ಟವಾಗಿ ಬೆಳೆದ ಜೌಗಿನಲ್ಲಿ ತಡವರಿಸಿ, ಕೆಸರನ್ನು ಅಲ್ಲೇ ಇಳಿಸಿ, ಆಮೇಲೆ ಕೆರೆ ಸೇರುತ್ತದೆ.

ಜನವರಿಯ ಬಿಸಿಲೇರುವ ಹೊತ್ತಿಗೆ ಈ ಜೌಗಿನ ಅಂಚಿಗೆ ನೇರಳೆ ಜಂಬುಕೋಳಿ ಬರುತ್ತದೆ. ಕೊಕ್ಕಿನಿಂದ ಆಪಿನ ಕಾಂಡವೊಂದನ್ನು ಕಿತ್ತು, ಬುಡದ ಬಿಳಿ ಭಾಗವನ್ನು ಒಂದು ಕಾಲಿನ ಉದ್ದ ಬೆರಳುಗಳಲ್ಲಿ ಹಿಡಿದೆತ್ತಿ, ಇನ್ನೊಂದು ಕಾಲಲ್ಲೇ ನಿಂತು ಸೀಳಿ ತಿನ್ನುತ್ತದೆ. ಅವಸರವಿಲ್ಲ. ತಿಂದು ಬಿಸಾಡಿದ ಸಿಪ್ಪೆಯ ರಾಶಿ ನೋಡಿಯೇ ಹಕ್ಕಿ ಎಲ್ಲಿ ಮೇಯುತ್ತದೆಂದು ಗುರುತಿಸಬಹುದು. ಹತ್ತು ಮಾರು ಆಚೆ ಮೆಟ್ಟುಗಾಲು ಹಕ್ಕಿ ಗೇಣುದ್ದದ ಕೆಂಪು ಕಾಲುಗಳ ಮೇಲೆ, ಹೊಟ್ಟೆ ತೋಯದಷ್ಟೇ ಆಳದಲ್ಲಿ ನಡೆಯುತ್ತಿರುತ್ತದೆ. ಗದ್ದೆಗೊರವಕ್ಕೆ ಅಷ್ಟು ನೀರೂ ಹೆಚ್ಚು; ಅದು ಒದ್ದೆ ಮಣ್ಣನ್ನು ಬಿಟ್ಟು ದೂರ ಹೋಗದು. ಬಕ ಇವೆರಡಕ್ಕಿಂತ ಒಳಗೆ. ಗುಳುಮುಳುಕಕ್ಕೆ ಮುಳುಗಿ ಏಳುವಷ್ಟು ಆಳ ಬೇಕು. ನೀರಿನ ಆಳ ಅಳೆಯಲು ನನಗೆ ಕೋಲು ಬೇಡ, ಯಾವ ಹಕ್ಕಿ ಎಲ್ಲಿ ನಿಂತಿದೆ ಎಂದು ನೋಡಿದರಾಯಿತು.

ಇಷ್ಟೂ ಹಕ್ಕಿಗಳಿಗೆ ಜಾಗ ಸಿಗುವುದು ದಂಡೆ ಸಾವಕಾಶವಾಗಿ ಇಳಿದಾಗ ಮಾತ್ರ. ನಮ್ಮ ಹಳೆಯ ಕೆರೆಗಳೆಲ್ಲ ಹಾಗೇ ಇದ್ದವು. ಬೆಂಗಳೂರಿಗೆ ದೊಡ್ಡ ಹೊಳೆಯಿಲ್ಲ. ದಿಬ್ಬದ ಮೇಲೆ ಬಿದ್ದ ಮಳೆ ಕಣಿವೆಗೆ ಇಳಿಯುವಾಗ ಅಡ್ಡಲಾಗಿ ಏರಿ ಕಟ್ಟಿದರು. ಏರಿ ಒಂದೇ ಕಡೆ. ಉಳಿದ ಕಡೆ ನೆಲ ತನ್ನ ಪಾಡಿಗೆ ತಾನು ಇಳಿಜಾರಾಗಿತ್ತು. ಮಳೆಗಾಲದಲ್ಲಿ ನೀರು ಆ ಇಳಿಜಾರನ್ನು ಹತ್ತುತ್ತಿತ್ತು, ಬೇಸಿಗೆಯಲ್ಲಿ ಹಿಂದೆ ಸರಿದು ಕೆರೆ ಅಂಗಳವನ್ನು ದನಕ್ಕೂ ಟಿಟ್ಟಿಭಕ್ಕೂ ಬಿಟ್ಟುಕೊಡುತ್ತಿತ್ತು. ಹೂಳು ಹೊಲಕ್ಕೆ ಹೋಗುತ್ತಿತ್ತು.

ಅಭಿವೃದ್ಧಿಯ ಹೆಸರಲ್ಲಿ ಎಷ್ಟೋ ಕಡೆ ನಡೆದದ್ದು ಇದಕ್ಕೆ ತದ್ವಿರುದ್ಧ. ಜೆಸಿಬಿ ಇಳಿಸಿ ತಳವನ್ನು ಸಮನಾಗಿ ತೋಡಿ, ತೆಗೆದ ಮಣ್ಣನ್ನು ಸುತ್ತಲೂ ಪೇರಿಸಿ, ಅದರ ಮೇಲೆ ವಾಕಿಂಗ್ ಪಾತ್ ಹಾಕಿದರು. ಪರಿಸರದವರು ಇದನ್ನು ಸೂಪ್ ಬಟ್ಟಲು ಎಂದು ಛೇಡಿಸುತ್ತಾರೆ, ಹೆಸರು ಸರಿಯಾಗಿಯೇ ಇದೆ. ಅಂಚಿನಲ್ಲೇ ಆಳುದ್ದ ನೀರು. ಅಲ್ಲಿ ನಾಮದಕೋಳಿ, ನೀರುಕಾಗೆ, ಹೆಜ್ಜಾರ್ಲೆ ಈಜುತ್ತವೆ, ಫೋಟೋಗೂ ಚೆನ್ನಾಗಿ ಬರುತ್ತವೆ. ಕಾಲೂರಿ ಮೇಯುವ ಹಕ್ಕಿಗೆ ಮಾತ್ರ ನೆಲವಿಲ್ಲ. ಹೂಳನ್ನು ಘನ ಮೀಟರ್‌ನಲ್ಲಿ, ಬೇಲಿಯನ್ನು ಮೀಟರ್‌ನಲ್ಲಿ ಅಳೆದು ಬಿಲ್ಲು ಬರೆಯಬಹುದು. ದಂಡೆಯ ಓರೆ ಕಡಿದಾಯಿತೇ ಎಂದು ಬಿಲ್ಲು ಕೇಳುವುದಿಲ್ಲ.

ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗೆ ಬೇರೆ ಅದೃಷ್ಟವಿತ್ತು. ಸುಮಾರು 48 ಎಕರೆಯ ಈ ಕೆರೆಯನ್ನು 2009ರಿಂದಾಚೆಗೆ ಪಾಲಿಕೆ ಮರುಜೀವಗೊಳಿಸುವಾಗ ಸುತ್ತಲಿನ ನಿವಾಸಿಗಳೂ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರೂ ಜೊತೆಗಿದ್ದರು. ಹಕ್ಕಿಗಳಿಗೆಂದು ನಡುಗಡ್ಡೆ ಉಳಿಯಿತು. ಆದರೂ ಆಮೇಲೊಮ್ಮೆ ಅಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ದಂಡೆ ಎಷ್ಟೇ ಚೆನ್ನಾಗಿರಲಿ, ಒಳಗೆ ಬರುವ ನೀರು ಮೇಲಿನ ಬಡಾವಣೆಗಳದ್ದು. ಹಾಗಾಗಿಯೇ ನನಗೆ ಜಕ್ಕೂರಿನ ಆ ಜೌಗಿನ ಮೇಲೆ ಕಣ್ಣು.

ದಂಡೆ ಹಕ್ಕಿಯದಷ್ಟೇ ಅಲ್ಲ. ಇನ್ನೊಂದು ಕೆರೆಯ ಬೇಲಿಯ ಹೊರಗೆ, ಕುಡುಗೋಲು ಹಿಡಿದು ಕೂತಿದ್ದ ಹೆಂಗಸೊಬ್ಬರನ್ನು ಮಾತಾಡಿಸಿದೆ. "ಹತ್ತಕ್ಕೆ ಗೇಟಿಗೆ ಬೀಗ ಜಡೀತಾರೆ ಸ್ವಾಮಿ. ನಾವು ಹಾಲು ಹಾಕಿ ಬರೋದೇ ಒಂಬತ್ತೂವರೆಗೆ. ಹುಲ್ಲು ಕೊಯ್ಯೋದ್ಯಾವಾಗ?" ಎಂದರು. ಮೊದಲು ಹುಲ್ಲಿನ ಜೊತೆ ಹೊನಗೊನ್ನೆ ಸೊಪ್ಪನ್ನೂ ಸೆರಗಿಗೆ ಹಾಕಿಕೊಂಡು ಹೋಗುತ್ತಿದ್ದರಂತೆ. ವಾಕಿಂಗ್‌ನವರ ಗಡಿಯಾರಕ್ಕೆ ತಕ್ಕಂತೆ ಗೇಟು ಇಟ್ಟವರಿಗೆ ಅವರ ಲೆಕ್ಕ ಹೊಳೆದಿಲ್ಲ. ನೀರು ಒಳಬರುವ ಕಡೆ ಒಂದು ಸಣ್ಣ ಬಾಗಿಲು ಇಟ್ಟಿದ್ದರೆ ಇವರಿಗೂ ಆಗುತ್ತಿತ್ತು, ಕೆರೆಗೂ ಆಗುತ್ತಿತ್ತು. ಕೊಳಚೆಯ ಸಾರಜನಕ, ರಂಜಕಗಳನ್ನು ಹೀರಿಯೇ ಆ ಹುಲ್ಲು, ಜೊಂಡು ಸೊಂಪಾಗುವುದು. ಕೊಯ್ದು ಹೊರಗೆ ಒಯ್ಯದಿದ್ದರೆ ಅವು ನಿಂತಲ್ಲೇ ಕೊಳೆತು ಹೀರಿದ್ದನ್ನು ಮತ್ತೆ ನೀರಿಗೇ ಬಿಡುತ್ತವೆ. ಆಮೇಲೆ ಅದನ್ನು ತೆಗೆಯಲು ಟೆಂಡರ್ ಕರೆಯಬೇಕಾಗುತ್ತದೆ.