ಇ-ಮೇಲ್ ಗೋಷ್ಠಿಗಳ ಸದಸ್ಯಪಟ್ಟಿ: ಪ್ರವೇಶ ಮತ್ತು ನಿರ್ಗಮನ

ಗೋಷ್ಠಿ ಎಂಬ ಶಬ್ದದ ಮೂಲ ಗೋಷ್ಠ. ದನಗಳು ಬಂದು ಸೇರುವ ದೊಡ್ಡಿ ಎಂಬುದು ಅದರ ಮೊದಲ ಅರ್ಥವೆಂಬುದು ಸಂಸ್ಕೃತಜ್ಞರಿಗೆ ವಿದಿತವೇ ಇದೆ. ಕಾಲಕ್ರಮದಲ್ಲಿ ಆ ಶಬ್ದವು ಜನರು ಕಲೆತು ಮಾತನಾಡುವ ಸಭೆಗೆ ಸಂದು, ವಿದ್ವದ್ಗೋಷ್ಠಿ, ಕವಿಗೋಷ್ಠಿ ಎಂಬ ಗೌರವಸ್ಥಾನವನ್ನು ಪಡೆಯಿತು. ಅರ್ಥವು ಇಷ್ಟು ದೂರ ನಡೆದು ಬಂದಿದ್ದರೂ ದೊಡ್ಡಿಯ ಒಂದು ಲಕ್ಷಣ ಮಾತ್ರ ಅದನ್ನು ಬಿಟ್ಟಿಲ್ಲ. ದೊಡ್ಡಿಗೆ ಬೇಲಿಯುಂಟು, ಬೇಲಿಗೆ ಬಾಗಿಲುಂಟು, ಬಾಗಿಲಲ್ಲಿ ಒಳಬರುವುದನ್ನೂ ಹೊರಹೋಗುವುದನ್ನೂ ಎಣಿಸುವವನೊಬ್ಬನುಂಟು.

ಇ-ಮೇಲ್ ಮೂಲಕ ನಡೆಯುವ ಚರ್ಚಾಗೋಷ್ಠಿಗಳಲ್ಲಿ ಈ ಬಾಗಿಲಿನ ವಿಚಾರವೇ ಮುಖ್ಯವಾದುದು. ಇವುಗಳಿಗೆ ಸಭಾಭವನವಿಲ್ಲ, ಗೊತ್ತುಪಡಿಸಿದ ದಿನವಿಲ್ಲ. ಗೋಷ್ಠಿಗೆಂದು ಒಂದು ವಿಳಾಸವಿರುತ್ತದೆ. ಆ ವಿಳಾಸಕ್ಕೆ ಒಬ್ಬ ಸದಸ್ಯನು ಬರೆದ ಪತ್ರವು ಪಟ್ಟಿಯಲ್ಲಿ ಹೆಸರಿರುವ ಸಮಸ್ತರಿಗೂ ಪ್ರತಿಯಾಗಿ ಹೋಗುತ್ತದೆ. ಪಟ್ಟಿಯಲ್ಲಿದ್ದವನು ಸಭೆಯಲ್ಲಿದ್ದಾನೆ, ಪಟ್ಟಿಯಲ್ಲಿಲ್ಲದವನು ಸಭೆಯಲ್ಲಿಲ್ಲ. ಆದುದರಿಂದ ಪಟ್ಟಿಯ ಪಾಲನೆಯು ಗುಮಾಸ್ತನ ಕೆಲಸದಂತೆ ತೋರಿದರೂ ವಾಸ್ತವದಲ್ಲಿ ಅದು ಸಭೆಯ ಪಾಲನೆಯೇ ಆಗಿದೆ. ಇಂಥ ಗೋಷ್ಠಿಗಳಲ್ಲಿ ನಡೆಯುವ ಚರ್ಚೆಯ ಗುಣಾವಗುಣಗಳನ್ನು ಕುರಿತು ಬೇಕಾದಷ್ಟು ಮಾತು ಕೇಳಿಬರುತ್ತದೆ. ಪಟ್ಟಿಯನ್ನು ಕುರಿತು ಕೇಳಿಬರುವುದು ತೀರ ಕಡಿಮೆ.

ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಪತ್ರ ಕಳುಹಿಸುವ ವಿಧಾನವನ್ನು ರೇ ಟಾಮ್ಲಿನ್ಸನ್ ಅವರು 1971ರಲ್ಲಿ ಸಾಧಿಸಿ ತೋರಿಸಿದರು. ನಾಲ್ಕು ವರ್ಷಗಳ ತರುವಾಯ, 1975ರ ಜೂನ್ ತಿಂಗಳಲ್ಲಿ, ಸ್ಟೀವ್ ವಾಕರ್ ಎಂಬವರ ಪ್ರೇರಣೆಯಿಂದ ಎಂ.ಎಸ್.ಜಿ. ಗ್ರೂಪ್ ಎಂಬ ಚರ್ಚಾಗೋಷ್ಠಿ ಆರಂಭವಾಯಿತು. ಅಲ್ಲಿ ಚರ್ಚೆಯ ವಿಷಯವೂ ಇ-ಮೇಲ್ ಪದ್ಧತಿಯೇ ಆಗಿತ್ತೆಂಬುದು ಸ್ವಾರಸ್ಯದ ಸಂಗತಿ. ಅದರ ಪಟ್ಟಿಯನ್ನು ಐನಾರ್ ಸ್ಟೆಫರಡ್ ಅವರು ನೋಡಿಕೊಳ್ಳುತ್ತಿದ್ದರು. ಮೊದಮೊದಲು ಬಂದ ಪತ್ರಗಳನ್ನೆಲ್ಲ ಅವರೇ ಕೈಯಾರೆ ಮರುರವಾನೆ ಮಾಡಬೇಕಾಗಿತ್ತು. ಸಭಿಕರು ಕೆಲವರೇ ಇರುವಾಗ ಇದು ನಡೆದೀತು. ನೂರು, ಇನ್ನೂರು ಆದಾಗ ಪಟ್ಟಿಯನ್ನು ಹಿಡಿದವನಿಗೆ ಬೇರೆ ಕೆಲಸವೇ ಉಳಿಯುವುದಿಲ್ಲ.

ವಿಶ್ವವಿದ್ಯಾಲಯಗಳನ್ನು ಕೂಡಿಸುವ ಬಿಟ್‌ನೆಟ್ ಎಂಬ ಜಾಲವು 1981ರಲ್ಲಿ ನ್ಯೂಯಾರ್ಕ್ ಮತ್ತು ಯೇಲ್‌ಗಳ ನಡುವೆ ಸ್ಥಾಪಿತವಾದ ಮೇಲೆ ಈ ಕಷ್ಟವು ಬೆಳೆಯಿತು. ಅಲ್ಲಿಯೂ ಗೋಷ್ಠಿಗೆ ಸೇರಬಯಸುವವನು ಕಚೇರಿಗೆ ಬಿನ್ನಹದ ಪತ್ರ ಬರೆದು, ಅಲ್ಲಿನ ಸಿಬ್ಬಂದಿಯು ತನ್ನ ಹೆಸರನ್ನು ಸೇರಿಸುವವರೆಗೆ ಕಾದಿರಬೇಕಿತ್ತು. 1986ರಲ್ಲಿ ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಎಂಬ ಇಂಜಿನಿಯರಿಂಗ್ ವಿದ್ಯಾಲಯದ ವಿದ್ಯಾರ್ಥಿ ಎರಿಕ್ ತೋಮಾ ಅವರು ಲಿಸ್ಟ್‌ಸರ್ವ್ ಎಂಬ ತಂತ್ರಾಂಶವನ್ನು ರಚಿಸಿ ಆ ಕಾಯುವಿಕೆಯನ್ನು ಕೊನೆಗಾಣಿಸಿದರು. ಸೇರಬಯಸುವವನು ಇನ್ನು ಮನುಷ್ಯನಿಗೆ ಬರೆಯಬೇಕಾಗಿಲ್ಲ, ಯಂತ್ರಕ್ಕೆ ಒಂದು ಸಾಲು ಬರೆದರೆ ಸಾಕು. ಸಬ್‌ಸ್ಕ್ರೈಬ್ ಎಂಬ ಮಾತು, ಗೋಷ್ಠಿಯ ಹೆಸರು, ತನ್ನ ಹೆಸರು, ಇಷ್ಟೇ. ಬಿಡಬಯಸುವವನಿಗೆ ಸೈನ್‌ಆಫ್ ಎಂಬ ಮಾತು. 1992ರಲ್ಲಿ ಬ್ರೆಂಟ್ ಚಾಪ್‌ಮನ್ ಅವರು ರಚಿಸಿದ ಇಂಥದೇ ತಂತ್ರಾಂಶಕ್ಕೆ ಮೇಜರ್‌ಡೋಮೊ, ಎಂದರೆ ದೊಡ್ಡ ಮನೆಯ ಪಾರುಪತ್ಯಗಾರ, ಎಂದು ಹೆಸರಿಟ್ಟರು, ಹೆಸರು ಅನ್ವರ್ಥಕವಾಗಿದೆ. ಜಾನ್ ವೀಗಾ ಅವರು ಆರಂಭಿಸಿದ ಮೇಲ್‌ಮನ್ ಎಂಬುದು ಅನಂತರದ್ದು. ಅದರ ಮೊದಲ ಪೂರ್ಣ ಆವೃತ್ತಿ 1999ರಲ್ಲಿ ಹೊರಬಂದಿತು.

ಇಲ್ಲಿ ವಾಚಕರು ವಿಶೇಷವಾಗಿ ಗಮನಿಸತಕ್ಕ ಒಂದು ಅಂಶವುಂಟು. ಇಂಥ ಗೋಷ್ಠಿಗೆ ಯಾವಾಗಲೂ ಎರಡು ವಿಳಾಸಗಳಿರುತ್ತವೆ. ಒಂದು ಸಭೆಯ ವಿಳಾಸ. ಅಲ್ಲಿಗೆ ಬರೆದುದು ಎಲ್ಲರಿಗೂ ಹೋಗುತ್ತದೆ. ಇನ್ನೊಂದು ಪಾರುಪತ್ಯಗಾರನ ವಿಳಾಸ. ಸೇರುವುದು, ಬಿಡುವುದು, ವಿಳಾಸ ಬದಲಿಸುವುದು ಮುಂತಾದ ಬಿನ್ನಹಗಳೆಲ್ಲ ಅಲ್ಲಿಗೆ ಮಾತ್ರ ಹೋಗತಕ್ಕವು. ಗೋಷ್ಠಿಯ ಹೆಸರಿನ ಮುಂದೆ ‘ರಿಕ್ವೆಸ್ಟ್’ ಎಂಬ ಮಾತನ್ನು ಜೋಡಿಸಿ ಈ ಎರಡನೆಯ ವಿಳಾಸವನ್ನು ಮಾಡುವ ವಾಡಿಕೆ ಹಳೆಯದು; 1997ರ ಅಂತರ್ಜಾಲ ನಿಯಮಪತ್ರವೊಂದರಲ್ಲಿ ಅದು ದಾಖಲಾಯಿತು. ಈ ಭೇದವನ್ನು ಮರೆತು ‘ನನ್ನ ಹೆಸರನ್ನು ತೆಗೆಯಿರಿ’ ಎಂದು ಸಭೆಗೇ ಬರೆಯುವವರು ಪ್ರತಿಯೊಂದು ಗೋಷ್ಠಿಯಲ್ಲಿಯೂ ಉಂಟು. ಆ ಒಂದು ಸಾಲು ನೂರಾರು ಮನೆಗಳ ಬಾಗಿಲು ತಟ್ಟುತ್ತದೆ. ಅದನ್ನು ಕಂಡು ‘ನನ್ನದನ್ನೂ ತೆಗೆಯಿರಿ’ ಎನ್ನುವವರು ನಾಲ್ವರು, ‘ಹೀಗೆ ಎಲ್ಲರಿಗೂ ಬರೆಯಬೇಡಿರಿ’ ಎಂದು ಎಲ್ಲರಿಗೂ ಬರೆಯುವವರು ಹತ್ತು ಮಂದಿ. ಪಾಂಡಿತ್ಯಕ್ಕೂ ಈ ಪ್ರಮಾದಕ್ಕೂ ಸಂಬಂಧವಿಲ್ಲ. ಪ್ರಾಧ್ಯಾಪಕರೂ ಇದರಿಂದ ಮುಕ್ತರಲ್ಲ. ತಪ್ಪು ಮಾಡಿದವರನ್ನು ಹಾಸ್ಯ ಮಾಡುವುದಕ್ಕಿಂತ, ಹೊರಹೋಗುವ ದಾರಿಯನ್ನು ಅವರಿಗೆ ಕಾಣದ ಎಡೆಯಲ್ಲಿ ಇಟ್ಟವರನ್ನು ಪ್ರಶ್ನಿಸುವುದು ಹೆಚ್ಚು ನ್ಯಾಯವಾದುದು.

ಯಂತ್ರಕ್ಕೆ ಬರೆಯುವ ಆ ಸಾಲು ರೋಮನ್ ಲಿಪಿಯಲ್ಲಿಯೇ ಇರಬೇಕಾಗಿತ್ತು. ಅಲ್ಲದೆ ಲಿಸ್ಟ್‌ಸರ್ವ್ ಸದಸ್ಯನ ಹೆಸರನ್ನು ತನ್ನ ಹೆಸರು, ಮನೆತನದ ಹೆಸರು ಎಂದು ಎರಡಾಗಿ ಕೇಳುತ್ತಿತ್ತು. ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಮುಂದಿಟ್ಟುಕೊಂಡ ಕನ್ನಡಿಗನು ಇವುಗಳಲ್ಲಿ ಯಾವುದನ್ನು ಮನೆತನವೆಂದು ಬರೆಯಬೇಕು? ಇದು ಸಣ್ಣ ಮಾತು; ಆದರೆ ಬಾಗಿಲನ್ನು ಕಟ್ಟಿದವನು ಯಾರ ಎತ್ತರವನ್ನು ಅಳೆದು ಕಟ್ಟಿದನೆಂಬುದು ಇಂಥ ಸಣ್ಣ ಮಾತುಗಳಲ್ಲಿಯೇ ತಿಳಿಯುತ್ತದೆ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, 1986ರಲ್ಲಿ ಆರಂಭವಾದ ಅರ್ನೆಟ್ ಜಾಲದ ಪಾಲುದಾರ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾಗಿತ್ತು. ಸಾಮಾನ್ಯ ಜನರಿಗೆ ಅಂತರ್ಜಾಲದ ಸಂಪರ್ಕ ಲಭಿಸಿದ್ದು 1995ರ ಆಗಸ್ಟ್ 15ರಂದು. ಅಲ್ಲಿಯವರೆಗೆ ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುತ್ತಿದ್ದ ಅಧ್ಯಾಪಕನಿಗೆ ಈ ಗೋಷ್ಠಿಗಳ ಬಾಗಿಲು ಇದ್ದೂ ಇಲ್ಲದಂತೆಯೇ ಇತ್ತು.

ಒಳಬರುವ ವಿಧಾನದಲ್ಲಿ ಬೇರೆ ಬೇರೆ ಸಂಪ್ರದಾಯಗಳುಂಟು. ಕೆಲವು ಗೋಷ್ಠಿಗಳು ಯಾರನ್ನೂ ಕೇಳದೆ ಸೇರಿಸಿಕೊಳ್ಳುತ್ತವೆ. ಮಾನವಿಕ ವಿದ್ಯೆಗಳಲ್ಲಿ ಕಂಪ್ಯೂಟರಿನ ಬಳಕೆಯನ್ನು ಚರ್ಚಿಸಲು ವಿಲರ್ಡ್ ಮೆಕಾರ್ಟಿ ಅವರು 1987ರ ಮೇ ತಿಂಗಳಲ್ಲಿ ಟೊರಾಂಟೊದಲ್ಲಿ ಸ್ಥಾಪಿಸಿದ ‘ಹ್ಯೂಮನಿಸ್ಟ್’ ಗೋಷ್ಠಿಯಲ್ಲಿ ಹೊಸಬರು ತಮ್ಮ ವಿದ್ಯೆ, ಉದ್ಯೋಗ, ಆಸಕ್ತಿಗಳನ್ನು ತಿಳಿಸುವ ಕಿರುಪರಿಚಯವನ್ನು ಬರೆದುಕೊಡಬೇಕಿತ್ತು. ಆ ಪರಿಚಯಗಳನ್ನು ಸಂಗ್ರಹಿಸಿ ಉಳಿದ ಸದಸ್ಯರಿಗೂ ಹಂಚುತ್ತಿದ್ದರು. ಮುಖ ಕಾಣದ ಸಭೆಯಲ್ಲಿ ಯಾರ ಎದುರು ಮಾತನಾಡುತ್ತಿರುವೆನೆಂಬುದು ಇದರಿಂದ ತಿಳಿಯುತ್ತಿತ್ತು. ಇದು ಅತ್ಯಂತ ಸಭ್ಯವಾದ ಪದ್ಧತಿಯೆಂದೇ ಹೇಳಬೇಕು.

ಸೇರುವವನು ತಾನಾಗಿಯೇ ಸೇರುತ್ತಿದ್ದಾನೆಯೇ ಎಂಬುದು ಇನ್ನೊಂದು ಪ್ರಶ್ನೆ. ಯಂತ್ರವು ಸಾಲನ್ನು ನೋಡುತ್ತದೆ, ಬರೆದವನ ಕೈಯನ್ನು ನೋಡುವುದಿಲ್ಲ. 1996ರ ಆಗಸ್ಟ್‌ನಲ್ಲಿ ಗುಪ್ತನಾಮದ ವ್ಯಕ್ತಿಯೊಬ್ಬನು ಅಮೆರಿಕದ ಹಲವು ಪತ್ರಕರ್ತರ ಹಾಗೂ ರಾಜಕಾರಣಿಗಳ ವಿಳಾಸಗಳನ್ನು, ಅವರಿಗೆ ಗೊತ್ತಿಲ್ಲದಂತೆ, ಅಸಂಖ್ಯ ಗೋಷ್ಠಿಗಳಿಗೆ ಸೇರಿಸಿಬಿಟ್ಟನು. ಕೇಳದ ಪತ್ರಗಳು ಅವರ ಪೆಟ್ಟಿಗೆಗಳನ್ನು ತುಂಬಿ, ಬೇಕಾದ ಪತ್ರ ಕಾಣದಂತಾಯಿತು. ಇಂಥದಕ್ಕೆ ಪರಿಹಾರವಾಗಿ ದೃಢೀಕರಣದ ಪದ್ಧತಿ ಎಲ್ಲೆಡೆ ನೆಲೆಯೂರಿತು. ಬಿನ್ನಹ ಬಂದೊಡನೆ ಯಂತ್ರವು ಹೆಸರನ್ನು ಸೇರಿಸದೆ, ಆ ವಿಳಾಸಕ್ಕೇ ಒಂದು ಪತ್ರ ಬರೆದು, ‘ಇದು ನಿಮ್ಮ ಇಚ್ಛೆಯೇ?’ ಎಂದು ಕೇಳುತ್ತದೆ. ಅಲ್ಲಿಂದ ಹೌದೆಂಬ ಉತ್ತರ ಬಂದರೆ ಮಾತ್ರ ಪ್ರವೇಶ. ಕೆಲವರು ಇದನ್ನು ತೊಡಕೆಂದು ಗೊಣಗುವುದುಂಟು. ಆದರೆ ತನ್ನ ಹೆಸರು ತನ್ನ ಒಪ್ಪಿಗೆಯಿಲ್ಲದೆ ಎಲ್ಲಿಯೂ ಸೇರಕೂಡದೆಂಬ ಹಕ್ಕನ್ನು ಕಾಯುವುದು ಈ ಎರಡನೆಯ ಪತ್ರವೇ.

ಒಳಗೆ ಬಂದವನು ಎಲ್ಲವನ್ನೂ ಆಗಿಂದಾಗ್ಗೆ ಓದಲೇಬೇಕೆಂಬ ನಿಯಮವಿಲ್ಲ. ಡೈಜೆಸ್ಟ್ ಎಂಬ ಆಯ್ಕೆಯಿಂದ ಪತ್ರಗಳನ್ನೆಲ್ಲ ಒಂದೇ ಕಟ್ಟಾಗಿ ತರಿಸಿಕೊಳ್ಳಬಹುದು. ನೋಮೇಲ್ ಎಂಬ ಆಯ್ಕೆಯಿಂದ ಸದಸ್ಯತ್ವವನ್ನು ಉಳಿಸಿಕೊಂಡೇ ಪತ್ರಗಳನ್ನು ನಿಲ್ಲಿಸಬಹುದು. ದೀರ್ಘ ಪ್ರವಾಸ ಹೊರಡುವವರು ಇದನ್ನು ಮರೆಯಬಾರದು. ಮರೆತು, ‘ನಾನು ಊರಲ್ಲಿಲ್ಲ’ ಎಂಬ ತಾನಾಗಿ ಹೋಗುವ ಉತ್ತರವನ್ನು ಏರ್ಪಡಿಸಿ ಹೊರಟರೆ, ಆ ಉತ್ತರವು ಸಭೆಗೆ ಹೋಗಿ, ಸಭೆಯಿಂದ ಅವರಿಗೇ ಮರಳಿ, ಮತ್ತೆ ಉತ್ತರವನ್ನು ಹುಟ್ಟಿಸಿ, ಗಾಣದ ಎತ್ತಿನಂತೆ ಸುತ್ತುವ ಸಂಭವವುಂಟು. ಈ ಸುತ್ತನ್ನು ತಡೆಯುವ ನಿಯಮಗಳು 2004ರಲ್ಲಿ ಪ್ರಕಟವಾದುವು.

ಈಗ ನಿರ್ಗಮನದ ವಿಚಾರ. ತಾನಾಗಿ ಹೊರಡುವುದು ಒಂದು ಬಗೆ, ಹೊರಗೆ ಹಾಕಲ್ಪಡುವುದು ಇನ್ನೊಂದು ಬಗೆ. ಎರಡನೆಯದು ಸದ್ದಿಲ್ಲದೆ ನಡೆಯುತ್ತದೆಯಾದ್ದರಿಂದ ಹೆಚ್ಚು ವಿವರಣೆಗೆ ಅರ್ಹವಾಗಿದೆ. ಸದಸ್ಯನ ವಿಳಾಸಕ್ಕೆ ಹೋದ ಪತ್ರವು ಮುಟ್ಟದೆ ಹಿಂದಿರುಗಿದರೆ ಯಂತ್ರವು ಅದನ್ನು ಲೆಕ್ಕವಿಡುತ್ತದೆ. ಮೇಲ್‌ಮನ್ ತಂತ್ರಾಂಶದ ಎರಡನೆಯ ಪೀಳಿಗೆಯಲ್ಲಿ ಮೊದಲಿಂದ ಗೊತ್ತುಮಾಡಿಟ್ಟ ಕ್ರಮ ಹೀಗಿತ್ತು: ವಿಳಾಸವೇ ಇಲ್ಲವೆಂದು ಹಿಂದಿರುಗಿದರೆ 1 ಅಂಕ, ತಾತ್ಕಾಲಿಕ ತೊಂದರೆಯಾದರೆ ಅರ್ಧ ಅಂಕ, ದಿನವೊಂದಕ್ಕೆ ಒಂದೇ ಬಾರಿ ಎಣಿಕೆ, ಒಟ್ಟು 5 ಅಂಕಗಳಾದರೆ ಪತ್ರಗಳು ನಿಲ್ಲುತ್ತವೆ. ಆಮೇಲೆ 7 ದಿನಗಳ ಅಂತರದಲ್ಲಿ 3 ಎಚ್ಚರಿಕೆಗಳು ಹೋಗುತ್ತವೆ. ಅವಕ್ಕೂ ಉತ್ತರವಿಲ್ಲದಿದ್ದರೆ ಹೆಸರು ಪಟ್ಟಿಯಿಂದ ಬೀಳುತ್ತದೆ. ಮುಚ್ಚಿದ ಮನೆಗೆ ಪತ್ರ ಕಳುಹಿಸುತ್ತಲೇ ಇರುವುದು ವ್ಯರ್ಥವಾದುದರಿಂದ ಈ ಕ್ರಮವು ಯುಕ್ತವೇ.

ಆದರೆ 2014ರ ಏಪ್ರಿಲ್‌ನಲ್ಲಿ ಈ ಯುಕ್ತವಾದ ಕ್ರಮವೇ ಅನ್ಯಾಯಕ್ಕೆ ಕಾರಣವಾಯಿತು. ಯಾಹೂ ಸಂಸ್ಥೆಯು ತನ್ನ ಗ್ರಾಹಕರ ಹೆಸರಿನಲ್ಲಿ ಖೋಟಾ ಪತ್ರಗಳು ಹಬ್ಬುತ್ತಿರುವುದನ್ನು ತಡೆಯಲು, ತನ್ನ ವಿಳಾಸವನ್ನು ಹೊತ್ತಿದ್ದರೂ ತನ್ನ ಮುದ್ರೆಯಿಲ್ಲದೆ ಬಂದ ಪತ್ರಗಳನ್ನು ತಿರಸ್ಕರಿಸಿರೆಂದು ಲೋಕಕ್ಕೆಲ್ಲ ಸಾರಿತು. ಅದೇ ತಿಂಗಳಲ್ಲಿ ಎ.ಒ.ಎಲ್. ಸಂಸ್ಥೆಯೂ ಅದನ್ನು ಅನುಸರಿಸಿತು. ಗೋಷ್ಠಿಯ ಪತ್ರಗಳ ಸ್ವಭಾವವಾದರೋ, ಬರೆದವನ ಹೆಸರನ್ನು ಹೊತ್ತು ಗೋಷ್ಠಿಯ ಯಂತ್ರದಿಂದ ಹೊರಡುವುದು; ಗೋಷ್ಠಿಯು ಶೀರ್ಷಿಕೆಗೋ ಅಡಿಬರಹಕ್ಕೋ ಒಂದೆರಡು ಮಾತು ಸೇರಿಸುವುದರಿಂದ ಮೂಲದ ಮುದ್ರೆಯೂ ಒಡೆಯುತ್ತದೆ. ಆದ್ದರಿಂದ ಯಾಹೂ ವಿಳಾಸದ ಸದಸ್ಯನು ಸಭೆಗೆ ಬರೆದ ಪತ್ರವನ್ನು ಜಿಮೇಲ್ ಮುಂತಾದ ಅಂಚೆಮನೆಗಳು ಬಾಗಿಲಲ್ಲಿಯೇ ನಿಲ್ಲಿಸಿ ಹಿಂದಿರುಗಿಸಿದುವು. ಹಿಂದಿರುಗಿದ ಪತ್ರದ ಅಂಕವು ಬಿದ್ದದ್ದು ಬರೆದವನ ಲೆಕ್ಕಕ್ಕಲ್ಲ, ಪತ್ರವನ್ನು ಪಡೆಯಬೇಕಾಗಿದ್ದವನ ಲೆಕ್ಕಕ್ಕೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಏನೂ ಮಾಡದೆ ಸುಮ್ಮನೆ ಓದುತ್ತಿದ್ದ ಸದಸ್ಯರ ಪತ್ರಗಳು ನಿಂತವು. ಸಭೆಯಲ್ಲಿ ಮೌನವಾಗಿ ಕುಳಿತವನು ಎದ್ದುಹೋದುದು ಪಕ್ಕದವನಿಗೆ ಕಾಣುತ್ತದೆ. ಇಲ್ಲಿ ಅದೂ ಕಾಣುವುದಿಲ್ಲ. ಪತ್ರಗಳು ಬಾರದಿದ್ದಾಗ ಗೋಷ್ಠಿಯೇ ಸದ್ದಡಗಿದೆಯೆಂದು ಆತನು ತಿಳಿದಿರಲೂಬಹುದು. ಅದೇ ವರ್ಷ ತಂತ್ರಾಂಶಗಳನ್ನು ತಿದ್ದಿ, ಕಳುಹಿಸಿದವನ ಸ್ಥಾನದಲ್ಲಿ ‘ಗೋಷ್ಠಿಯ ಮುಖಾಂತರ ಇಂಥವರು’ ಎಂದು ಬರೆದು ಗೋಷ್ಠಿಯ ವಿಳಾಸವನ್ನೇ ಹಾಕುವ ಉಪಾಯವನ್ನು ಕಂಡುಕೊಂಡರು. ಈಗ ಅನೇಕ ಗೋಷ್ಠಿಗಳು ನಡೆಯುತ್ತಿರುವುದು ಹೀಗೆಯೇ.

ತಾನಾಗಿ ಹೊರಡುವವನ ದಾರಿಯು ಕ್ರಮೇಣ ಸುಗಮವಾಗಿದೆ. ಪ್ರತಿಯೊಂದು ಪತ್ರದ ಮರೆಯ ತಲೆಬರಹದಲ್ಲಿ ಬಿಡುವ ವಿಧಾನವನ್ನು ಬರೆದಿರಬೇಕೆಂಬ ಸೂತ್ರವು 1998ರಲ್ಲಿ, ಒಂದೇ ಒತ್ತಿಗೆ ಬಿಡುಗಡೆಯಾಗುವ ಸೂತ್ರವು 2017ರಲ್ಲಿ ಪ್ರಕಟವಾದುವು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಸಂಸ್ಥೆಗಳು ದೊಡ್ಡ ಪ್ರಮಾಣದಲ್ಲಿ ಪ್ರಚಾರಪತ್ರಗಳನ್ನು ಕಳುಹಿಸುವವರಿಗೆ ಇದನ್ನು ಕಡ್ಡಾಯಗೊಳಿಸಿ, ಬಿಡುವ ಬಿನ್ನಹವನ್ನು ಎರಡು ದಿನಗಳೊಳಗೆ ನಡೆಸಿಕೊಡಬೇಕೆಂದು ವಿಧಿಸಿದುವು. ಇವೆಲ್ಲಕ್ಕಿಂತ ಹಳೆಯ ಮೇಲ್‌ಮನ್ ತಂತ್ರಾಂಶದಲ್ಲಿ ಒಂದು ಸೊಗಸಾದ ರೂಢಿಯಿತ್ತು. ಪ್ರತಿ ತಿಂಗಳ ಮೊದಲ ತಾರೀಕಿನಂದು ಅದು ಸದಸ್ಯನಿಗೆ ಒಂದು ಪತ್ರ ಬರೆದು, ‘ನೀವು ಇಂತಿಂಥ ಗೋಷ್ಠಿಗಳಲ್ಲಿದ್ದೀರಿ, ಬಿಡಬೇಕಾದರೆ ದಾರಿ ಇದು’ ಎಂದು ನೆನಪಿಸುತ್ತಿತ್ತು. ಅದರ ಜೊತೆಗೆ ಸದಸ್ಯನ ಗುಪ್ತಪದವನ್ನೂ ಬಿಚ್ಚುಬರಹದಲ್ಲಿ ಬರೆದುಬಿಡುತ್ತಿದ್ದುದು ಮಾತ್ರ ಶುದ್ಧ ಅವಿವೇಕ. ಆ ಅವಿವೇಕವನ್ನು ತೆಗೆದುಹಾಕುವಾಗ ನೆನಪಿಸುವ ರೂಢಿಯನ್ನು ಉಳಿಸಿಕೊಳ್ಳಬಹುದಾಗಿತ್ತು.

ಪಟ್ಟಿಯು ಯಾರ ಮನೆಯಲ್ಲಿದೆ ಎಂಬುದೊಂದು ಉಳಿಯಿತು. ಯಾಹೂ ಗ್ರೂಪ್ಸ್ ಎಂಬ ಬಾಡಿಗೆಯಿಲ್ಲದ ಛತ್ರದಲ್ಲಿ ಲೋಕದ ನಾನಾ ಭಾಷೆಗಳ ಗೋಷ್ಠಿಗಳು ಇಳಿದುಕೊಂಡಿದ್ದುವು. ಕನ್ನಡಿಗರ ಕೂಟಗಳೂ ಅವುಗಳಲ್ಲಿ ಸೇರಿದ್ದುವು. 2019ರ ಅಕ್ಟೋಬರ್‌ನಲ್ಲಿ ಹೊಸ ಬರಹಗಳನ್ನು ಇರಿಸಿಕೊಳ್ಳುವುದನ್ನು ನಿಲ್ಲಿಸಿದರು. ಡಿಸೆಂಬರ್‌ನಲ್ಲಿ ಹಳೆಯ ಪತ್ರಭಂಡಾರವನ್ನು ಅಳಿಸತೊಡಗಿದರು. 2020ರ ಡಿಸೆಂಬರ್ 15ರಂದು ಛತ್ರದ ಬಾಗಿಲನ್ನೇ ಮುಚ್ಚಿದರು. ಪಟ್ಟಿಯ ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಂಡಿದ್ದ ಗೋಷ್ಠಿಗಳು ಬೇರೆಡೆಗೆ ಗುಳೆ ಹೋದುವು. ಇಟ್ಟುಕೊಳ್ಳದಿದ್ದವರಿಗೆ ತಮ್ಮ ಸಭಿಕರು ಯಾರೆಂದೇ ತಿಳಿಯದೆ ಹೋಯಿತು. ಭಾರತೀಯ ವಿದ್ಯೆಗಳ ವಿದ್ವಾಂಸರಿಗಾಗಿ ಡೊಮಿನಿಕ್ ವುಜಾಸ್ಟಿಕ್ ಅವರು 1990ರಲ್ಲಿ ಸ್ಥಾಪಿಸಿದ ‘ಇಂಡಾಲಜಿ’ ಗೋಷ್ಠಿಯ ಕಥೆ ಬೇರೆ. ಅದು ಮೊದಲು ಲಿವರ್‌ಪೂಲ್ ವಿಶ್ವವಿದ್ಯಾಲಯದ ಯಂತ್ರದಲ್ಲಿತ್ತು. ಅನಂತರ ಎಡೆಯಿಂದ ಎಡೆಗೆ ಸಾಗಿ ಈಗ ತನ್ನದೇ ಹೆಸರಿನ ವಿಳಾಸದಲ್ಲಿ ನೆಲೆಸಿದೆ. ಪ್ರತಿ ಸಾಗಾಟದಲ್ಲಿಯೂ ಪಟ್ಟಿ ಮತ್ತು ಪತ್ರಗಳು ಜೊತೆಗೇ ಬಂದುವು. ಅದರ ಹಳೆಯ ಪತ್ರಗಳನ್ನು, ಪಟ್ಟಿಯಲ್ಲಿ ಹೆಸರಿಲ್ಲದವರೂ ಇಂದಿಗೂ ತೆರೆದು ಓದಬಹುದಾಗಿದೆ.