ಶೂ ಒಳಗೊಂದು ಕ್ಯಾರೆಟ್: ಸಿಂಟರ್‌ಕ್ಲಾಸ್ ಹಬ್ಬದ ಕಥೆ

ಹೋದ ನವೆಂಬರ್ ಕೊನೆಯಲ್ಲಿ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಬಾಗಿಲ ಪಕ್ಕ ಒಂದು ಪುಟ್ಟ ಗುಲಾಬಿ ಶೂ, ಅದರೊಳಗೆ ನೆಟ್ಟಗೆ ನಿಲ್ಲಿಸಿದ ಒಂದು ಕ್ಯಾರೆಟ್. ಕಳಿಸಿದವರು ನಮ್ಮ ಸೀನಿಯರ್ ಅಕ್ಕ. ಈಗ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವೆನ್‌ನಲ್ಲಿ ಕೆಲಸ ಮಾಡ್ತಿದ್ದಾರೆ. "ಏನಕ್ಕಾ, ಪಲ್ಯಕ್ಕೆ ತಂದ ಕ್ಯಾರೆಟ್ ಶೂ ಒಳಗೆ ಯಾಕೆ ಹೋಯ್ತು?" ಅಂತ ನಾವು ಕಾಲೆಳೆದೆವು. "ಅದು ಕುದುರೆಗೆ ಕಣ್ರೋ. ಮಗಳು ಇಟ್ಟಿದ್ದಾಳೆ, ಯಾರೂ ಮುಟ್ಟೋ ಹಾಗಿಲ್ಲ" ಅಂತ ಉತ್ತರ ಬಂತು.

ಯಾರ ಕುದುರೆ, ಕ್ಯಾರೆಟ್ಟೇ ಯಾಕೆ ಅಂತ ಕೇಳುತ್ತಾ ಹೋದೆವು. ಆ ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಕ್ಕ ಹೇಳಿದ್ದು, ಆಮೇಲೆ ನಾವು ಓದಿ ತಿಳಿದುಕೊಂಡಿದ್ದು ಎಲ್ಲಾ ಸೇರಿ ಈ ಲೇಖನ.

ಹಬ್ಬ ನಡೆಯೋದು ಹೀಗೆ

ನವೆಂಬರ್ ಮಧ್ಯದಲ್ಲಿ ಸಿಂಟರ್‌ಕ್ಲಾಸ್ ಅಜ್ಜ ಸ್ಪೇನ್ ದೇಶದಿಂದ ಉಗಿಹಡಗಿನಲ್ಲಿ ಬಂದು ಇಳಿಯುತ್ತಾನೆ ಅನ್ನೋದು ಅಲ್ಲಿನ ಮಕ್ಕಳ ನಂಬಿಕೆ. ಅವನನ್ನು ಬರಮಾಡಿಕೊಳ್ಳುವ ಭಾಗ್ಯ ಪ್ರತಿವರ್ಷ ಒಂದೊಂದು ಊರಿಗೆ. ಈ ಮೆರವಣಿಗೆ ಮೊದಲು ಟಿವಿಯಲ್ಲಿ ಬಂದದ್ದು 1952ರಲ್ಲಿ. ಇವತ್ತಿಗೂ ಇಡೀ ದೇಶದ ಮಕ್ಕಳು ಅದನ್ನು ನೇರಪ್ರಸಾರದಲ್ಲಿ ನೋಡ್ತಾರೆ. ಕೆಂಪು ನಿಲುವಂಗಿ, ಬಿಷಪ್ಪರ ಎತ್ತರದ ಟೋಪಿ, ತುದಿ ಬಾಗಿದ ಕೋಲು, ಉದ್ದನೆ ಬಿಳಿ ಗಡ್ಡ, ಸವಾರಿಗೆ ಬಿಳಿ ಕುದುರೆ. ಜೊತೆಗೆ, ಯಾವ ಮಗು ವರ್ಷವಿಡೀ ಹೇಗೆ ನಡೆದುಕೊಂಡಿತು ಅಂತ ಬರೆದಿಟ್ಟ ಒಂದು ದಪ್ಪ ಪುಸ್ತಕ. ನಮ್ಮ ಚಿತ್ರಗುಪ್ತನ ಖಾತೆ ಪುಸ್ತಕ ಅಂದುಕೊಳ್ಳಿ.

ಅವನು ಬಂದಿಳಿದ ಮೇಲೆ ಮಕ್ಕಳು ಕೆಲವು ರಾತ್ರಿ ಮಲಗೋ ಮುಂಚೆ ಶೂ ಇಟ್ಟು ಹಾಡು ಹೇಳುತ್ತಾರೆ. ಮೊದಲು ಒಲೆಗೂಡಿನ ಮುಂದೆ ಇಡುತ್ತಿದ್ದರು, ಈಗ ಹೀಟರ್ ಹತ್ತಿರವೋ ಬಾಗಿಲ ಬಳಿಯೋ ಆದರೂ ನಡೆಯುತ್ತೆ. ಒಳಗೆ ಕುದುರೆಗೆಂದು ಕ್ಯಾರೆಟ್ ಅಥವಾ ಹುಲ್ಲು. ಬೆಳಿಗ್ಗೆ ಎದ್ದು ನೋಡಿದರೆ ಕ್ಯಾರೆಟ್ ಮಾಯ! ಆ ಜಾಗದಲ್ಲಿ ಕಿತ್ತಳೆ, ಮಗುವಿನ ಹೆಸರಿನ ಮೊದಲ ಅಕ್ಷರದ ಆಕಾರದ ಚಾಕಲೇಟು, ಇಲ್ಲವೇ ದಾಲ್ಚಿನ್ನಿ, ಲವಂಗ ಹಾಕಿದ ಗೋಲಿಯಷ್ಟು ದೊಡ್ಡ ಬಿಸ್ಕತ್ತುಗಳು.

ದೊಡ್ಡ ಉಡುಗೊರೆಗಳು ಬರೋದು ಡಿಸೆಂಬರ್ 5ರ ಸಂಜೆ. ಆ ಸಂಜೆಗೆ ಅವರು ಇಟ್ಟಿರೋ ಹೆಸರಿನ ಅರ್ಥ 'ಪೊಟ್ಟಣಗಳ ಸಂಜೆ'. ಬಾಗಿಲು ದಬದಬ ಬಡಿದ ಸದ್ದು, ಓಡಿಹೋಗಿ ನೋಡಿದರೆ ಯಾರೂ ಇಲ್ಲ, ಮೆಟ್ಟಿಲ ಮೇಲೆ ಒಂದು ಗೋಣಿಚೀಲ. ಇನ್ನು ಗುಟ್ಟು ಗೊತ್ತಾದ ದೊಡ್ಡ ಮಕ್ಕಳು ಮತ್ತು ಹಿರಿಯರ ಆಟವೇ ಬೇರೆ. ಚೀಟಿ ಎತ್ತಿ, ಯಾರ ಹೆಸರು ಬರುತ್ತೋ ಅವರಿಗೆ ಉಡುಗೊರೆ ತರಬೇಕು. ಅದನ್ನು ರಟ್ಟು, ಕಾಗದ, ಅಂಟಿನಿಂದ ಮಾಡಿದ ಯಾವುದೋ ವಿಚಿತ್ರ ಆಕೃತಿಯೊಳಗೆ ಅಡಗಿಸಬೇಕು. ಜೊತೆಗೆ ಆ ವ್ಯಕ್ತಿಯನ್ನು ಚೇಷ್ಟೆ ಮಾಡುವ ಒಂದು ಪ್ರಾಸಬದ್ಧ ಪದ್ಯ ಕಡ್ಡಾಯ. ಪಡೆದವರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಪದ್ಯದ ಕೆಳಗೆ ಬರೆದವರ ಹೆಸರು ಇರಲ್ಲ. 'ಸಿಂಟ್' ಅಂತ ಮಾತ್ರ ಇರುತ್ತೆ.

ಯಾರು ಈ ಅಜ್ಜ?

ಸಿಂಟರ್‌ಕ್ಲಾಸ್ ಅಂದರೆ ಸಂತ ನಿಕೊಲಸ್. ನಾಲ್ಕನೇ ಶತಮಾನದಲ್ಲಿ ಮೈರಾ ಎಂಬ ಊರಿನ ಬಿಷಪ್ ಆಗಿದ್ದವನು. ಆ ಊರು ಇರೋದು ಇಂದಿನ ಟರ್ಕಿಯ ದಕ್ಷಿಣ ಕರಾವಳಿಯಲ್ಲಿ, ಈಗಿನ ಹೆಸರು ದೆಮ್ರೆ. ಅವನು ತೀರಿಕೊಂಡ ದಿನವೆಂದು ಆಚರಿಸೋದು ಡಿಸೆಂಬರ್ 6. ಅದರ ಮುನ್ನಾದಿನದ ಸಂಜೆಯೇ ಡಚ್ಚರ ಹಬ್ಬ.

ಅವನ ಬಗ್ಗೆ ಹೇಳುವ ಕಥೆಗಳಲ್ಲಿ ಒಂದು ನಮಗೂ ಚೆನ್ನಾಗಿ ಅರ್ಥವಾಗುವಂಥದ್ದು. ಒಬ್ಬ ಬಡ ತಂದೆಗೆ ಮೂವರು ಹೆಣ್ಣುಮಕ್ಕಳು. ವರದಕ್ಷಿಣೆಗೆ ದುಡ್ಡಿಲ್ಲದೆ ಮದುವೆ ನಿಂತಿದೆ, ಮಕ್ಕಳನ್ನು ಮಾರಬೇಕಾದ ಸ್ಥಿತಿ. ನಿಕೊಲಸ್ ರಾತ್ರಿ ಹೊತ್ತು ಬಂದು ಕಿಟಕಿಯಿಂದ ಚಿನ್ನದ ಥೈಲಿ ಒಳಗೆ ಎಸೆದು ಹೋಗುತ್ತಾನೆ. ಹಿರಿಯವಳ ಮದುವೆ ಆಯ್ತು. ಎರಡನೆಯವಳಿಗೂ ಹಾಗೇ. ಮೂರನೇ ಸಲ ತಂದೆ ಕಾದು ಕೂತು, ಹಿಂದೆ ಓಡಿ ಹಿಡಿದೇಬಿಡುತ್ತಾನೆ. ಆಗ ನಿಕೊಲಸ್ ಕೇಳಿಕೊಂಡದ್ದು ಒಂದೇ: ಇದನ್ನು ಯಾರಿಗೂ ಹೇಳಬೇಡ.

ಹಬ್ಬದ ಬೇರು ಇಲ್ಲೇ ಇದೆ ಅಂತ ನಮಗನ್ನಿಸುತ್ತೆ. ಕತ್ತಲಲ್ಲಿ ಬಂದು ಕೊಡೋದು, ಹೆಸರು ಹೇಳದೆ ಹೋಗೋದು. ಶೂ, ಬಾಗಿಲು ಬಡಿದು ಓಡೋದು, ಹೆಸರಿಲ್ಲದ ಪದ್ಯ, ಎಲ್ಲದರಲ್ಲೂ ಇರೋದು ಅದೇ.

ಬೇರು ಯಾವುದು, ಆಮೇಲೆ ಅಂಟಿದ್ದು ಯಾವುದು?

ಉಳಿದದ್ದೆಲ್ಲ ಒಂದೊಂದು ಕಾಲದಲ್ಲಿ ಸೇರಿಕೊಂಡದ್ದು. 1087ರಲ್ಲಿ ಇಟಲಿಯ ಬಾರಿ ನಗರದ ನಾವಿಕರು ಸಂತನ ಮೂಳೆಗಳನ್ನು ಮೈರಾದಿಂದ ತಮ್ಮೂರಿಗೆ ಸಾಗಿಸಿದರು. ಮುಂದೆ ಆ ನಗರ ಸ್ಪೇನ್ ದೊರೆಗಳ ಆಳ್ವಿಕೆಗೆ ಬಂತು. ಟರ್ಕಿಯ ಅಜ್ಜ ಸ್ಪೇನ್‌ನಿಂದ ಬರೋದು ಅದಕ್ಕೇ ಇರಬಹುದು ಅನ್ನೋದು ಒಂದು ವಿವರಣೆ. ನಿಕೊಲಸ್ ನಾವಿಕರನ್ನು ಕಾಯುವ ಸಂತನೂ ಹೌದು, ಹಾಗಾಗಿ ಆಮ್‌ಸ್ಟರ್‌ಡ್ಯಾಮ್‌ನಂಥ ಬಂದರು ನಗರ ಅವನನ್ನು ತನ್ನವನನ್ನಾಗಿ ಮಾಡಿಕೊಂಡಿತು.

16ನೇ ಶತಮಾನದಲ್ಲಿ ಡಚ್ಚರ ನಾಡು ಪ್ರೊಟೆಸ್ಟೆಂಟ್ ಆಯಿತು. ಸಂತರ ಪೂಜೆ ಸಲ್ಲದು ಅಂತ ಕೆಲವು ನಗರಗಳ ಆಡಳಿತ ಈ ಹಬ್ಬದ ತಿಂಡಿ, ಬೊಂಬೆ ಮಾರುವುದನ್ನೇ ನಿಷೇಧಿಸಿತು. ಆದರೂ ಮನೆಯೊಳಗಿನ ಹಬ್ಬ ನಿಲ್ಲಲಿಲ್ಲ. 1660ರ ದಶಕದಲ್ಲಿ ಯಾನ್ ಸ್ಟೇನ್ ಬಿಡಿಸಿದ ಚಿತ್ರವೊಂದು ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿದೆ. ಪುಟ್ಟ ಹುಡುಗಿ ಬೊಂಬೆ ಅಪ್ಪಿಕೊಂಡು ನಿಂತಿದ್ದಾಳೆ. ಅವಳಣ್ಣ ಅಳುತ್ತಿದ್ದಾನೆ, ಯಾಕಂದ್ರೆ ಅವನ ಶೂನಲ್ಲಿ ಸಿಕ್ಕಿದ್ದು ಬರೀ ಬೆತ್ತ. ಹಿಂದೆ ಅಜ್ಜಿ ಪರದೆ ಸರಿಸುತ್ತಾ 'ಬಾ ಇಲ್ಲಿ' ಅಂತ ಬೆರಳಿನಿಂದ ಕರೆಯುತ್ತಿದ್ದಾಳೆ. ಅಜ್ಜಿಯರು ಎಲ್ಲಾ ಕಡೆ ಒಂದೇ!

ಅಮೆರಿಕಕ್ಕೆ ಹೋದ ಡಚ್ಚರು ಈ ಹೆಸರನ್ನೂ ಹೊತ್ತೊಯ್ದರು. ನ್ಯೂಯಾರ್ಕ್ ಒಂದು ಕಾಲಕ್ಕೆ ಅವರ ನ್ಯೂ ಆಮ್‌ಸ್ಟರ್‌ಡ್ಯಾಮ್. ಸಿಂಟರ್‌ಕ್ಲಾಸ್ ಅನ್ನೋದೇ ಅಲ್ಲಿ ಇಂಗ್ಲಿಷ್ ಬಾಯಲ್ಲಿ ಸಾಂಟಾ ಕ್ಲಾಸ್ ಆಗಿದ್ದು.

ಇನ್ನು ಉಗಿಹಡಗು? ಅದು ಬಂದದ್ದು 1850ರಲ್ಲಿ. ಯಾನ್ ಸ್ಕೆಂಕ್‌ಮನ್ ಎಂಬ ಆಮ್‌ಸ್ಟರ್‌ಡ್ಯಾಮ್‌ನ ಶಾಲಾ ಮೇಷ್ಟ್ರು ಮಕ್ಕಳಿಗೆ ಒಂದು ಚಿತ್ರಪುಸ್ತಕ ಬರೆದರು. ಆ ಕಾಲದ ಹೊಸ ತಂತ್ರಜ್ಞಾನವಾಗಿದ್ದ ಉಗಿಹಡಗಿನ ಮೇಲೆ ಸಂತನನ್ನು ಹತ್ತಿಸಿದರು. ನಮ್ಮ ಭಾಷೇಲಿ ಹೇಳೋದಾದ್ರೆ ಅದೊಂದು ಅಪ್‌ಡೇಟ್. ಅದೇ ಪುಸ್ತಕದಲ್ಲಿ ಸಂತನ ಜೊತೆ ಒಬ್ಬ ಕಪ್ಪು ಸೇವಕನೂ ಬಂದ. ಅವನಿಗೆ ಆಗ ಹೆಸರಿರಲಿಲ್ಲ. ಆಮೇಲೆ 'ಜ್ವಾರ್ಟೆ ಪೀಟ್', ಅಂದರೆ ಕಪ್ಪು ಪೀಟ್, ಅನ್ನೋ ಹೆಸರು ನಿಂತಿತು. ಒಂದು ವಿಷಯ ಗಮನಿಸಿ: ಡಚ್ಚರು ಸುರಿನಾಮ್ ಮತ್ತು ಕೆರಿಬಿಯನ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿದ್ದು 1863ರಲ್ಲಿ. ಪುಸ್ತಕ ಬಂದಾಗ ಅದಿನ್ನೂ ಕಾನೂನುಬದ್ಧವಾಗಿತ್ತು.

ಒಂದು ಮಗುವಿನ ಪ್ರಶ್ನೆ

ವಿಡಿಯೋ ಕಾಲ್‌ನಲ್ಲಿ ಅಕ್ಕ ಸ್ವಲ್ಪ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಹಿಂದಿನ ವರ್ಷ ಆಟದ ಮೈದಾನದಲ್ಲಿ ಒಬ್ಬ ಹುಡುಗ ಅವರ ಮಗಳಿಗೆ, "ನೀನು ಪೀಟ್ ಆಗು, ನಿನಗೆ ಬಣ್ಣ ಹಚ್ಚೋದೇ ಬೇಡ" ಅಂದನಂತೆ. ಮಗು ಮನೆಗೆ ಬಂದು ಸೋಪು ಹಾಕಿ ಕೈ ತಿಕ್ಕಿಕೊಳ್ಳುತ್ತಾ ನಿಂತಿತ್ತಂತೆ. "ಈ ಹಬ್ಬಾನೇ ಬೇಡ ಅನ್ನಿಸಿಬಿಡ್ತು ಕಣ್ರೋ" ಅಂದರು.

ನೂರು ವರ್ಷಕ್ಕೂ ಹೆಚ್ಚು ಕಾಲ ಬಿಳಿಯರು ಮುಖಕ್ಕೆ ಕಪ್ಪು ಬಳಿದು, ಗುಂಗುರು ಕೂದಲ ವಿಗ್ ಹಾಕಿ, ತುಟಿಗೆ ದಪ್ಪಗೆ ಕೆಂಪು ಹಚ್ಚಿ ಪೀಟ್ ವೇಷ ಕಟ್ಟುತ್ತಿದ್ದರು. ಚಿಮಣಿಯಿಂದ ಇಳಿದು ಮಸಿ ಹತ್ತಿದೆ ಅಷ್ಟೇ, ಮಕ್ಕಳ ಹಬ್ಬಕ್ಕೆ ರಾಜಕೀಯ ಯಾಕೆ ಅಂತ ಬಹಳ ಜನ ಕೇಳುತ್ತಿದ್ದರು. ಮಸಿ ಹತ್ತಿದರೆ ಕೂದಲು ಗುಂಗುರಾಗುತ್ತಾ ಅನ್ನೋದು ಎದುರು ಪ್ರಶ್ನೆ. ವಿರೋಧ ಹಿಂದೆಯೂ ಇತ್ತು. 2011ರಲ್ಲಿ ಡಾರ್ಡ್ರೆಕ್ಟ್‌ನ ಮೆರವಣಿಗೆಯಲ್ಲಿ 'ಜ್ವಾರ್ಟೆ ಪೀಟ್ ಅಂದರೆ ಜನಾಂಗಭೇದ' ಎಂಬ ಬರಹದ ಟೀ ಶರ್ಟ್ ತೊಟ್ಟವರನ್ನು ಪೊಲೀಸರು ಬಂಧಿಸಿದ ಮೇಲೆ ಚರ್ಚೆ ಇಡೀ ದೇಶಕ್ಕೆ ಹಬ್ಬಿತು. 2019ರ ರಾಷ್ಟ್ರೀಯ ಮೆರವಣಿಗೆಗೆ ಬಂದದ್ದು ಕೆನ್ನೆಗೆ ಒಂದೆರಡು ಮಸಿ ಗೆರೆ ಎಳೆದ ಪೀಟ್‌ಗಳು ಮಾತ್ರ. ಮೊದಲು ಬದಲಾವಣೆಗೆ ಒಪ್ಪದಿದ್ದ ಪ್ರಧಾನಿ ಮಾರ್ಕ್ ರುಟ್ಟೆ, ತನ್ನ ಅಭಿಪ್ರಾಯ ಬದಲಾಗಿದೆ ಅಂತ 2020ರಲ್ಲಿ ಸಂಸತ್ತಿನಲ್ಲೇ ಹೇಳಿದರು. ಅದಕ್ಕೆ ಕಾರಣಗಳಲ್ಲಿ ಒಂದು, ಪುಟ್ಟ ಮಕ್ಕಳು ತಮಗಾಗುವ ನೋವನ್ನು ಅವರ ಮುಂದೆ ಹೇಳಿಕೊಂಡದ್ದು.

ಸಂತನ ಪೂಜೆ ಹೋದರೂ ಈ ಹಬ್ಬ ಉಳಿದಿತ್ತು. ಕಪ್ಪು ಬಣ್ಣ ಹೋದರೂ ಶೂ ಇದೆ, ಪದ್ಯ ಇದೆ, ಕುದುರೆ ಇದೆ. 'ಹಿಂದಿನಿಂದ ನಡ್ಕೊಂಡು ಬಂದಿದೆ' ಅನ್ನೋ ಮಾತು ನಮ್ಮ ಮನೆಗಳಲ್ಲೂ ಕೇಳುತ್ತಲೇ ಇರುತ್ತೇವಲ್ಲ, ಎಷ್ಟು ಹಿಂದಿನಿಂದ ಅಂತ ಒಮ್ಮೆ ಲೆಕ್ಕ ಹಾಕಿದರೆ ಏನೂ ನಷ್ಟವಿಲ್ಲ.

ಮರುದಿನ ಬೆಳಿಗ್ಗೆ ಗುಂಪಿಗೆ ಇನ್ನೊಂದು ಫೋಟೋ ಬಂತು. ಗುಲಾಬಿ ಶೂ ಒಳಗೆ ಕ್ಯಾರೆಟ್ ಇಲ್ಲ. ಒಂದು ಚಾಕಲೇಟ್ ಅಕ್ಷರ, ಪಕ್ಕದಲ್ಲಿ ಮಡಚಿದ ಚೀಟಿ. ಬಿಡಿಸಿದರೆ ನಾಲ್ಕು ಸಾಲಿನ ಪದ್ಯ, ಅಚ್ಚಕನ್ನಡದಲ್ಲಿ! ಕೆಳಗೆ 'ಸಿಂಟ್' ಅಂತ ಸಹಿ.

"ಯಾರಕ್ಕಾ ಬರೆದಿದ್ದು? ನೀವಾ, ಭಾವನಾ?" ಅಂತ ಕೇಳಿದೆವು.

"ಗೊತ್ತಿಲ್ಲಪ್ಪ. ರಾತ್ರಿ ಯಾರೋ ಬಂದು ಇಟ್ಟು ಹೋಗಿದ್ದಾರೆ" ಅಂದರು ಅಕ್ಕ.