ಏರ್‌ಬ್ಯಾಗ್ ದೀಪ ಆರುತ್ತಿಲ್ಲವೇ? ಕೋಡ್ ಓದಿಸಿ ನೋಡಿ



ಮಲ್ಕಾಜ್‌ಗಿರಿಯಿಂದ ಬೀದರ್, ಕಲಬುರಗಿ ಕಡೆಗೆ ಕಾರಿನಲ್ಲೇ ಊರಿಗೆ ಹೋಗಿಬರುವವರು ನಿಮ್ಮಲ್ಲಿ ಇದ್ದೀರಿ. ಹೊರಡುವ ಮುನ್ನ ಟೈರಿನ ಗಾಳಿ ನೋಡುತ್ತೀರಿ, ಎಂಜಿನ್ ಆಯಿಲ್ ನೋಡುತ್ತೀರಿ. ಆದರೆ ಡ್ಯಾಶ್‌ಬೋರ್ಡಿನಲ್ಲಿ ಕುಳಿತ ಮನುಷ್ಯನ ಮುಂದೆ ಚೆಂಡು ಇಟ್ಟಂತೆ ಕಾಣುವ ಒಂದು ದೀಪ ಉರಿಯುತ್ತಲೇ ಇದ್ದರೆ, ‘ಗಾಡಿ ಓಡುತ್ತಿದೆಯಲ್ಲ’ ಎಂದು ಸುಮ್ಮನಾಗುತ್ತೀರಾ? ಅದು ಏರ್‌ಬ್ಯಾಗ್ ದೀಪ. ಕೆಲವು ಕಾರುಗಳಲ್ಲಿ ಚಿತ್ರದ ಬದಲು ಎಸ್‌ಆರ್‌ಎಸ್ ಎಂಬ ಅಕ್ಷರಗಳಿರುತ್ತವೆ. ಅದು ಉರಿಯುತ್ತಿದ್ದರೂ ಗಾಡಿ ಓಡುತ್ತದೆ ನಿಜ. ಆದರೆ ಅಪಘಾತವಾದಾಗ ಏರ್‌ಬ್ಯಾಗ್ ತೆರೆದುಕೊಳ್ಳದೇ ಇರಬಹುದು. ಸೀಟ್‌ಬೆಲ್ಟನ್ನು ಆ ಕ್ಷಣಕ್ಕೆ ಬಿಗಿಯುವ ಸಾಧನವೂ ಕೈಕೊಡಬಹುದು.

ದೀಪ ಹೇಳುವುದೇನು?

ಕೀಲಿ ತಿರುಗಿಸಿದೊಡನೆ ಈ ದೀಪ ಹತ್ತಬೇಕು, ಕೆಲವು ಸೆಕೆಂಡುಗಳಲ್ಲಿ ಆರಬೇಕು. ಅಷ್ಟು ಹೊತ್ತಿನಲ್ಲಿ ಏರ್‌ಬ್ಯಾಗಿನ ನಿಯಂತ್ರಣ ಪೆಟ್ಟಿಗೆ ತನ್ನ ವೈರು, ಸೆನ್ಸರುಗಳನ್ನೆಲ್ಲ ಒಮ್ಮೆ ಪರೀಕ್ಷಿಸಿಕೊಳ್ಳುತ್ತದೆ. ದೀಪ ಆರದಿದ್ದರೆ ಅಥವಾ ದಾರಿಯಲ್ಲಿ ಮತ್ತೆ ಹತ್ತಿದರೆ ದೋಷ ಸಿಕ್ಕಿದೆ ಎಂದರ್ಥ. ಆ ದೋಷಕ್ಕೆ ಒಂದು ಸಂಖ್ಯೆ ಕೊಟ್ಟು ಪೆಟ್ಟಿಗೆ ನೆನಪಿಟ್ಟುಕೊಳ್ಳುತ್ತದೆ. ಅದೇ ಕೋಡ್.

ಕೋಡ್ ಓದುವುದು ಹೇಗೆ?

ಸ್ಟೀರಿಂಗಿನ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ ಜಾಗವಿರುತ್ತದೆ. ಅಗ್ಗದ ಸ್ಕ್ಯಾನರುಗಳು ಹೆಚ್ಚಾಗಿ ಎಂಜಿನ್ ಕೋಡುಗಳನ್ನು ಮಾತ್ರ ಓದುತ್ತವೆ. ಅವು ‘ಪಿ’ ಅಕ್ಷರದಿಂದ ಶುರುವಾಗುತ್ತವೆ. ಏರ್‌ಬ್ಯಾಗಿನವು ಸಾಮಾನ್ಯವಾಗಿ ‘ಬಿ’ ಅಕ್ಷರದವು. ಹಾಗಾಗಿ ‘ಯಾವ ಕೋಡೂ ಇಲ್ಲ’ ಎಂದು ಸ್ಕ್ಯಾನರ್ ತೋರಿಸಿದರೆ ನಂಬಿಬಿಡಬೇಡಿ. ‘ಏರ್‌ಬ್ಯಾಗ್ ಕೋಡ್ ಓದುತ್ತದೆಯೇ?’ ಎಂದು ಮೆಕ್ಯಾನಿಕ್‌ನನ್ನು ಮೊದಲೇ ಕೇಳಿ.

ಅಕ್ಷರದ ನಂತರ 0 ಇದ್ದರೆ ಅದು ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಕೋಡ್. ಉದಾಹರಣೆಗೆ ಬಿ0001 ಚಾಲಕನ ಮುಂದಿನ ಏರ್‌ಬ್ಯಾಗಿಗೆ ಸಂಬಂಧಿಸಿದ್ದು, ಬಿ0010 ಪಕ್ಕದವರ ಏರ್‌ಬ್ಯಾಗಿಗೆ. 1 ಇದ್ದರೆ ಕಂಪನಿಯದೇ ಕೋಡ್. ಅದರ ಅರ್ಥವನ್ನು ಆ ಮಾಡೆಲ್ಲಿನ ಪುಸ್ತಕದಲ್ಲೇ ನೋಡಬೇಕು. ಕೆಲವು ಹಳೆಯ ಕಾರುಗಳಲ್ಲಿ ದೀಪ ಮಿನುಗುವುದನ್ನು ಎಣಿಸಿಯೇ ಕೋಡ್ ತಿಳಿಯಬಹುದು. ಒಮ್ಮೆ ಮಿನುಗಿ, ತುಸು ತಡೆದು, ಎರಡು ಸಲ ಮಿನುಗಿದರೆ 12.

ಕೋಡ್ ಬಂತೆಂದು ಏರ್‌ಬ್ಯಾಗೇ ಬದಲಿಸಬೇಕೆ?

ಅವಸರ ಬೇಡ. ದೋಷ ಯಾವ ದಾರಿಯಲ್ಲಿದೆ ಎಂದು ಕೋಡ್ ಹೇಳುತ್ತದೆ, ಯಾವ ಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ. ಚಾಲಕನ ಏರ್‌ಬ್ಯಾಗಿನ ಕೋಡ್ ಬಂದಿದೆ, ಜೊತೆಗೆ ಹಾರ್ನ್ ಕೂಡ ಸರಿಯಾಗಿ ಆಗುತ್ತಿಲ್ಲ ಎನ್ನಿ. ಆಗ ಸ್ಟೀರಿಂಗಿನೊಳಗೆ ಸುರುಳಿಯಾಗಿ ಸುತ್ತಿರುವ ಕೇಬಲ್ ತುಂಡಾಗಿರುವ ಸಾಧ್ಯತೆ ಹೆಚ್ಚು. ಸೀಟು ಹಿಂದೆ ಮುಂದೆ ಸರಿಸಿದ ಮೇಲೆ ದೀಪ ಹತ್ತಿದರೆ ಸೀಟಿನಡಿಯ ಕನೆಕ್ಟರ್ ಸಡಿಲವಾಗಿರಬಹುದು. ಬ್ಯಾಟರಿ ಸೋತರೂ ದೀಪ ಹತ್ತುವುದುಂಟು.

ಮಳೆ ನೀರನ್ನೂ ಮರೆಯಬೇಡಿ. 2020ರ ಅಕ್ಟೋಬರ್ 13ರ ಮಳೆಗೆ ಹೈದರಾಬಾದಿನಲ್ಲಿ ಎಷ್ಟೋ ಕಾರುಗಳು ನೀರಲ್ಲಿ ನಿಂತಿದ್ದವು. ನಿಯಂತ್ರಣ ಪೆಟ್ಟಿಗೆ ಅನೇಕ ಕಾರುಗಳಲ್ಲಿ ಗೇರಿನ ಹತ್ತಿರ ನೆಲಕ್ಕೇ ಇರುತ್ತದೆ. ಕಾರ್ಪೆಟ್ಟಿನಡಿ ಉಳಿದ ತೇವ ಕನೆಕ್ಟರಿಗೆ ತುಕ್ಕು ಹಿಡಿಸಿ, ತಿಂಗಳುಗಳ ನಂತರ ದೋಷ ತೋರಿಸಬಹುದು.

ಕೆಲವೊಮ್ಮೆ ತಪ್ಪು ಕಾರ್ಖಾನೆಯದೇ. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಏರ್‌ಬ್ಯಾಗ್ ನಿಯಂತ್ರಣ ಪೆಟ್ಟಿಗೆಯ ಪರೀಕ್ಷೆಗೆ 17,362 ಕಾರುಗಳನ್ನು ವಾಪಸ್ ಕರೆಸಿತು. ಬದಲಿಸುವ ಕೆಲಸಕ್ಕೆ ದುಡ್ಡಿರಲಿಲ್ಲ. ನಿಮ್ಮ ಕಾರಿಗೂ ಇಂಥ ಕರೆ ಇದೆಯೇ ಎಂದು ಚಾಸಿಸ್ ನಂಬರ್ ಕೊಟ್ಟು ಕಂಪನಿಯಲ್ಲಿ ವಿಚಾರಿಸಿ.

ಕೈ ಹಾಕಬೇಡಿ

ಏರ್‌ಬ್ಯಾಗಿನ ವೈರು, ಕನೆಕ್ಟರುಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಮಲ್ಟಿಮೀಟರಿನಿಂದ ಏರ್‌ಬ್ಯಾಗನ್ನು ಅಳೆಯಲು ಹೋಗಬೇಡಿ. ಆ ಸಣ್ಣ ಕರೆಂಟಿಗೂ ಅದು ಸಿಡಿಯಬಹುದು. ಬ್ಯಾಟರಿ ಕಳಚಿದ ಮೇಲೂ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಈ ಕೆಲಸ ಗೊತ್ತಿದ್ದವರಿಗೇ ಬಿಡಿ. ಕೋಡ್ ಅಳಿಸುವ ಮುನ್ನ ಅದನ್ನು ಬರೆದುಕೊಡಲು ಹೇಳಿ. ದುರಸ್ತಿಯಿಲ್ಲದೆ ಅಳಿಸಿದ ಕೋಡ್ ಮತ್ತೆ ಬರುತ್ತದೆ.

ಹಳೆಯ ಕಾರು ಕೊಳ್ಳುವವರಿಗೆ

ಉರಿಯುವ ದೀಪಕ್ಕಿಂತ ಹತ್ತದೇ ಇರುವ ದೀಪ ಅಪಾಯಕಾರಿ. ಅಪಘಾತದಲ್ಲಿ ತೆರೆದುಕೊಂಡ ಏರ್‌ಬ್ಯಾಗನ್ನು ಬದಲಿಸದೆ ಬಲ್ಬ್ ಕಿತ್ತುಹಾಕುವವರಿದ್ದಾರೆ. ಏರ್‌ಬ್ಯಾಗಿನ ಜಾಗದಲ್ಲಿ ಪುಟ್ಟ ರೆಸಿಸ್ಟರ್ ಕೂರಿಸಿ ಪೆಟ್ಟಿಗೆಯನ್ನೇ ವಂಚಿಸುವವರೂ ಇದ್ದಾರೆ. ಕೀಲಿ ತಿರುಗಿಸಿ, ದೀಪ ಹತ್ತಿ ಆರುವುದನ್ನು ಕಣ್ಣಾರೆ ನೋಡಿ. ರೆಸಿಸ್ಟರಿನ ಮೋಸ ಇದರಿಂದ ತಿಳಿಯದು; ಅದಕ್ಕೆ ಸ್ಟೀರಿಂಗ್, ಡ್ಯಾಶ್‌ಬೋರ್ಡಿನ ಮುಚ್ಚಳ ಬದಲಾಗಿದೆಯೇ ಎಂದು ಬಲ್ಲವರಿಂದ ಪರೀಕ್ಷೆ ಮಾಡಿಸಿ. ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಅದಕ್ಕೂ ಹಿಂದಿನ ಕೆಲವು ಕಾರುಗಳಲ್ಲಿ ಏರ್‌ಬ್ಯಾಗೇ ಇಲ್ಲದಿರಬಹುದು.

ದೀಪ ಹತ್ತಿದ್ದರೆ ಊರಿನ ಪ್ರಯಾಣಕ್ಕೆ ಮುಂಚೆಯೇ ಕೋಡ್ ಓದಿಸಿ. ಅಲ್ಲಿಯವರೆಗೂ, ಆಮೇಲೂ ಸೀಟ್‌ಬೆಲ್ಟ್ ಹಾಕಿಕೊಳ್ಳಿ. ಏರ್‌ಬ್ಯಾಗ್ ಇರುವುದು ಬೆಲ್ಟಿನ ಜೊತೆಗೂಡಿ ಕೆಲಸ ಮಾಡಲು.